ಮೇಜಿನ ಕಾಯಿಲೆಯವಳು

ನಮ್ಮೂರಲ್ಲಿ ಜ್ವರ ಬಂದವರು ಅಂಗೈ ಚಾಚಿ "ಕೊಟ್ಟೆ" ಅನ್ನುತ್ತಾರೆ. ಎದುರಿಗಿದ್ದವರು ಅದರ ಮೇಲೆ ತಮ್ಮ ಅಂಗೈ ಇಟ್ಟು "ತಗೊಂಡೆ" ಅಂದರೆ ಜ್ವರ ಆ ಕಡೆ ಹೋಗುತ್ತದೆ. ಬಾಯಿಬಿಟ್ಟೇ ಅನ್ನಬೇಕು. ತಲೆಯಾಡಿಸಿದರೆ ಆಗುವುದಿಲ್ಲ, ಕಣ್ಣಲ್ಲಿ ಒಪ್ಪಿದರೆ ಆಗುವುದಿಲ್ಲ. ನೆಗಡಿ, ಕೆಮ್ಮು, ಭೇದಿ, ತಲೆನೋವು, ಸೊಂಟನೋವು, ಇಂಥ ಸಣ್ಣಪುಟ್ಟವು ಮಾತ್ರ ಹೋಗುತ್ತವೆ. ಹೆರಿಗೆ ನೋವು ಹೋಗುವುದಿಲ್ಲ, ಸಾವು ಹೋಗುವುದಿಲ್ಲ. ಹೆಂಡತಿ ಹೆರಲು ಒಳಗೆ ಹೋದಾಗ ಎಷ್ಟೋ ಗಂಡಂದಿರು ಬಾಗಿಲಲ್ಲಿ ನಿಂತು "ಆಗೋ ಹಾಗಿದ್ರೆ ನಾನೇ ತಗೊಳ್ತಿದ್ದೆ" ಅಂತ ಕಣ್ಣೊರೆಸಿಕೊಳ್ಳುತ್ತಾರೆ. ಆಗುವುದಿಲ್ಲ ಅಂತ ಗೊತ್ತಿರುವುದರಿಂದಲೇ ಅನ್ನುತ್ತಾರೆ. ಹೆಣ್ಣು ನೋಡಲು ಬಂದವರು ಇಲ್ಲಿ ಹಾಡು ಬರುತ್ತಾ, ಅಡುಗೆ ಬರುತ್ತಾ ಅಂತ ಕೇಳುವುದಿಲ್ಲ. ಕಾಫಿ ಲೋಟ ಕೆಳಗಿಟ್ಟು, "ಹುಡುಗಿ ತಗೊಳ್ತಾಳಾ?" ಅಂತ ಕೇಳುತ್ತಾರೆ.

ನಾನು ತಗೊಳ್ಳುತ್ತಲೇ ಬೆಳೆದವಳು. ಅವ್ವ ಛತ್ರದಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಮದುವೆ ಕಾಲದಲ್ಲಿ ಒಂದು ದಿನ ತಪ್ಪಿಸಿದರೆ ಅವಳ ಜಾಗದಲ್ಲಿ ಇನ್ನೊಬ್ಬಳು ಬಂದು ಕೂರುತ್ತಿದ್ದಳು. ಹಾಗಾಗಿ ಮೈ ಬಿಸಿಯಾದ ಬೆಳಿಗ್ಗೆ ನನ್ನನ್ನು ಎಬ್ಬಿಸಿ ಅಂಗೈ ಚಾಚುತ್ತಿದ್ದಳು. ನಿದ್ದೆಗಣ್ಣಲ್ಲೇ ತಗೊಂಡೆ ಅಂದು ಮತ್ತೆ ಮಲಗುತ್ತಿದ್ದೆ. ಏಳುವ ಹೊತ್ತಿಗೆ ನನ್ನ ಮೈ ಸುಡುತ್ತಿರುತ್ತಿತ್ತು. ಶಾಲೆಗೆ ಹೋದ ದಿನ ಮೇಷ್ಟ್ರು "ಏನೇ ಚೆಲುವಿ, ಮತ್ತೆ ನಿಮ್ಮವ್ವನ ಜ್ವರವಾ?" ಅಂತ ಕೇಳಿದರೆ ಕ್ಲಾಸೆಲ್ಲ ನಗುತ್ತಿತ್ತು. ಏಳನೇ ಕ್ಲಾಸಿನ ಮಧ್ಯದಲ್ಲಿ ಶಾಲೆ ನಿಂತಿತು. ಯಾರೂ ಬಿಡಿಸಲಿಲ್ಲ. ಹೋಗದೆ ಹೋಗದೆ ಬಿಟ್ಟುಹೋಯಿತು, ಅಷ್ಟೇ. ಮೊದಲಿನಿಂದಲೂ ನನಗೆ ಮಾತು ಕಡಿಮೆ. ನಾಲ್ಕು ಜನ ಇದ್ದ ಕಡೆ ಗಂಟಲು ಕಟ್ಟುತ್ತದೆ. ಕೂತು ನೋಡುತ್ತೇನೆ. ಯಾರ ಬಳೆ ಕಡಿಮೆಯಾಗಿದೆ, ಯಾರು ನಗುವಾಗ ಬಾಯಿ ಮಾತ್ರ ನಗುತ್ತದೆ, ಇದೆಲ್ಲ ಕಾಣುತ್ತದೆ, ಹೇಳಲು ಬರುವುದಿಲ್ಲ. ತಗೊಂಡೆ ಅನ್ನುವ ಒಂದು ಮಾತು ಮಾತ್ರ ಸಲೀಸಾಗಿ ಬರುತ್ತಿತ್ತು.

ದೊಡ್ಡವಳಾದ ಮೇಲೆ ಅಂಗಿಗೆ ಹೊಲಿಯುವ ಗುಂಡಿ ಮಾಡುವ ಕಾರ್ಖಾನೆಗೆ ಸೇರಿದೆ. ನನ್ನನ್ನು ಆರಿಸುವ ಮೇಜಿಗೆ ಹಾಕಿದರು. ಯಂತ್ರದಿಂದ ಬಂದ ಗುಂಡಿಗಳನ್ನು ಮೇಜಿನ ನಡುವೆ ರಾಶಿ ಸುರಿಯುತ್ತಾರೆ. ಸುತ್ತ ಕೂತ ಹೆಂಗಸರು ಅಂಚು ಮುರಿದದ್ದು, ನಾಲ್ಕು ತೂತಿರಬೇಕಾದಲ್ಲಿ ಮೂರೇ ಇರುವುದು, ಬಣ್ಣ ಕೆಟ್ಟದ್ದು, ಎಲ್ಲ ಹೆಕ್ಕಿ ಬದಿಗಿಡಬೇಕು. ಬಾಯಿಗೆ ಕೆಲಸವಿಲ್ಲ, ಕಣ್ಣಿಗೇ ಎಲ್ಲ. ನನಗೆ ಒಗ್ಗಿತು. ಮೇಜಿನ ಹಿರಿಯಳು ಸಾಕಕ್ಕ. ಅವಳು ಮಾತಾಡದಿದ್ದರೆ ಗುಂಡಿಗಳೂ ಬೇಜಾರು ಪಡುತ್ತವೆ ಅಂತ ಮೇಸ್ತ್ರಿ ಪರಶಿವಯ್ಯ ಅನ್ನುತ್ತಿದ್ದ. ಅವಳ ಪಕ್ಕದಲ್ಲಿ ಗುಲ್ನಾರ್, ಯಾರಿಗಾದರೂ ಏನಾದರೂ ಅಂದು ತಾನೇ ಮೊದಲು ನಗುವವಳು. ನನ್ನ ಎದುರಿಗೆ ಪುಟ್ಟತಾಯಿ, ಯಾವಾಗಲೂ ಸೆರಗನ್ನು ಕಿವಿ ಮುಚ್ಚುವ ಹಾಗೆ ಹೊದೆಯುವವಳು. ಇನ್ನೂ ಇಬ್ಬರು ಇದ್ದರು, ಅಕ್ಕತಂಗಿಯರು. ಅವರವರಲ್ಲೇ ಪಿಸುಗುಟ್ಟಿಕೊಂಡಿರುತ್ತಿದ್ದರು.

ಕಾರ್ಖಾನೆಯ ಗೇಟಿನ ಪಕ್ಕ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಕಾನೂನು ಬರೆದಿತ್ತು. ಕಾಯಿಲೆ ಬಿದ್ದ ಕೆಲಸಗಾರರಿಗೆ ಸಂಬಳ ಉಂಟು, ಆದರೆ ಮೊದಲ ಮೂರು ದಿನಕ್ಕೆ ಇಲ್ಲ, ನಾಲ್ಕನೇ ದಿನದಿಂದ. ನಡುವೆ ಒಂದು ದಿನ ವಾಸಿಯಾದರೆ ಲೆಕ್ಕ ಮತ್ತೆ ಮೊದಲಿನಿಂದ. ಆ ಮೂರು ದಿನಕ್ಕೆ ನಾವು ಖಾಲಿ ದಿನ ಅನ್ನುತ್ತಿದ್ದೆವು. ಬಡವರ ಕಾಯಿಲೆ ಯಾವುದು ನಾಲ್ಕು ದಿನ ಇರುತ್ತದೆ? ಎರಡು ದಿನಕ್ಕೆ ಜ್ವರ ಬಿಡುತ್ತದೆ, ಬಿಡದಿದ್ದರೆ ಮೂರನೇ ದಿನ ನಾವೇ ಬಿಡಿಸಿಕೊಂಡು ಏಳುತ್ತೇವೆ. ಹಾಗಾಗಿ ಆ ನೀಲಿ ಅಕ್ಷರದ ಸಂಬಳವನ್ನು ನಮ್ಮ ಮೇಜಿನಲ್ಲಿ ಯಾರೂ ಯಾವತ್ತೂ ನೋಡಿರಲಿಲ್ಲ. ಜ್ವರ ಬಂದರೆ ಮನೆಯಲ್ಲಿ ಯಾರಿಗಾದರೂ ಕೊಟ್ಟು ಕೆಲಸಕ್ಕೆ ಬರುವುದು. ಕೊಡಲು ಯಾರೂ ಸಿಗದಿದ್ದರೆ ಹೊತ್ತುಕೊಂಡೇ ಬಂದು ಕೂರುವುದು.

ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಸಾಕಕ್ಕ ಡಬ್ಬಿ ಮುಚ್ಚಿ, "ಕೇಳ್ರೇ ಇಲ್ಲಿ" ಅಂದಳು. "ಒಬ್ಬೊಬ್ಬರ ಕಾಯಿಲೆ ಎರಡು ದಿನದ್ದು. ನಮ್ಮೆಲ್ಲರದ್ದೂ ಸೇರಿದ್ರೆ?"

"ಸೇರಿದ್ರೆ ಆಸ್ಪತ್ರೆ" ಅಂದಳು ಗುಲ್ನಾರ್.

"ನಗಬೇಡ. ಎಲ್ಲರದ್ದನ್ನೂ ಒಬ್ಬಳೇ ತಗೊಂಡ್ರೆ? ಇವಳ ಜ್ವರ ಇಳಿಯೋ ಮುಂಚೆ ಅವಳ ಕೆಮ್ಮು, ಅದು ಮುಗಿಯೋ ಮುಂಚೆ ನನ್ನ ಸೊಂಟ. ನಡುವೆ ಒಂದು ದಿನಾನೂ ವಾಸಿಯಾಗಬಾರದು. ಆ ಒಬ್ಬಳಿಗೆ ನಾಲ್ಕನೇ ದಿನದಿಂದ ಮನೇಲಿ ಕೂತೇ ಸಂಬಳ. ನಮಗೆ ಒಂದು ದಿನದ ಕೂಲಿಯೂ ತಪ್ಪಲ್ಲ. ಮನೇಲಿ ಮಕ್ಕಳ ಮುಂದೆ ಕೈ ಚಾಚೋ ಪಾಡೂ ಇಲ್ಲ."

ಎಲ್ಲರೂ ಬೆರಳು ಮಡಚಿ ದಿನ ಎಣಿಸಿದರು. ಆಮೇಲೆ ಅಕ್ಕತಂಗಿಯರಲ್ಲಿ ದೊಡ್ಡವಳು, "ಆ ಒಬ್ಬಳು ಯಾರು?" ಅಂದಳು.

ಯಾರೂ ನನ್ನ ಹೆಸರು ಹೇಳಲಿಲ್ಲ. ಎಲ್ಲರೂ ನನ್ನ ಕಡೆ ತಿರುಗಿದರು. ನನಗೆ ಗಂಡನಿಲ್ಲ, ಮಕ್ಕಳಿಲ್ಲ, ಮಲಗಿದರೆ ಯಾರ ಒಲೆಯೂ ಆರುವುದಿಲ್ಲ. ಜೊತೆಗೆ ಸಣ್ಣವಳಿದ್ದಾಗಿನಿಂದ ಪಳಗಿದ ಮೈ.

"ಬಲವಂತ ಇಲ್ಲ ಕಣೇ ಚೆಲುವಿ" ಅಂದಳು ಸಾಕಕ್ಕ. "ಒಂದು ತಿಂಗಳು ನೀನು. ಆಮೇಲೆ ಗುಲ್ನಾರ್ ತಿಂಗಳು. ಆಮೇಲೆ ಪುಟ್ಟತಾಯಿ. ಹೀಗೆ ಸರದಿ. ನಿನ್ನ ಮೂರು ಖಾಲಿ ದಿನಕ್ಕೆ ನಾವೇ ಅಕ್ಕಿ ತಂದು ಹಾಕ್ತೀವಿ."

"ನನ್ನ ತಿಂಗಳು ಬಂದಾಗ ನಾನು ರಾಣಿ ಥರ ಮಲಗಿರ್ತೀನಿ, ನೀನು ಬಂದು ಕಾಲು ಒತ್ತಬೇಕು" ಅಂತ ಗುಲ್ನಾರ್ ನನ್ನ ಮೊಣಕೈ ತಿವಿದಳು.

ನನಗೆ ಅವತ್ತು ನಿಜಕ್ಕೂ ಸಂತೋಷವಾಗಿತ್ತು. ಎರಡು ವರ್ಷದಿಂದ ಆ ಮೇಜಿನಲ್ಲಿ ಕೂತಿದ್ದರೂ ಅಷ್ಟು ಜನ ಒಟ್ಟಿಗೆ ನನ್ನ ಮುಖ ನೋಡಿರಲಿಲ್ಲ. ಗುಲ್ನಾರ್ ತನ್ನ ಡಬ್ಬಿಯಿಂದ ಒಂದು ತುಂಡು ಖರ್ಜೂರ ತೆಗೆದು ನನ್ನ ಕೈಗಿಟ್ಟಳು. ಅದನ್ನು ಬಾಯಿಗೆ ಹಾಕಿಕೊಂಡು, ಅದೇ ಕೈಯನ್ನು ಪುಟ್ಟತಾಯಿ ಚಾಚಿದ ಅಂಗೈ ಮೇಲೆ ಇಟ್ಟೆ. ಅವಳಿಗೆ ಅವತ್ತು ತಲೆನೋವಿತ್ತು. ತಗೊಂಡೆ ಅಂದೆ.

ತಗೊಂಡ ಕೂಡಲೇ ಒಂದು ಗೊತ್ತಾಯಿತು. ಅದು ತಲೆಯೊಳಗಿನ ನೋವಲ್ಲ. ಎಡಗಿವಿಯ ಹಿಂದೆ, ಮೂಳೆಯ ಮೇಲೆ, ಒಂದು ಕಡೆ ಮಾತ್ರ ಧಗಧಗ ಉರಿಯುತ್ತಿತ್ತು. ಗಾಯ ಒಬ್ಬರಿಂದ ಒಬ್ಬರಿಗೆ ಹೋಗುವುದಿಲ್ಲ, ಅದರ ನೋವು ಹೋಗುತ್ತದೆ. ಪುಟ್ಟತಾಯಿ ಸೆರಗು ಸರಿಮಾಡಿಕೊಂಡು ನನ್ನನ್ನು ನೋಡಿದಳು. ನಾನೂ ನೋಡಿದೆ. 

ಹೀಗೆ ನನ್ನ ತಿಂಗಳು ಶುರುವಾಯಿತು. ಕೆಲಸ ಬಿಟ್ಟ ಮೇಲೆ ಯಾರಾದರೂ ಒಬ್ಬರು ಮನೆಗೆ ಬಂದು ಚಾಪೆಯ ಅಂಚಿನಲ್ಲಿ ಕೂತು ಕೊಟ್ಟು ಹೋಗುತ್ತಿದ್ದರು. ಮೊದಲೆಲ್ಲ ನಿಂಬೆಹಣ್ಣು, ಶುಂಠಿ, ಒಂದು ಹಿಡಿ ಅವಲಕ್ಕಿ, ಏನಾದರೂ ತರುತ್ತಿದ್ದರು. ತಗೊಂಡ ಕಾಯಿಲೆಯ ಗುಣ ಹಾಗೆಯೇ ಉಳಿಯುತ್ತದೆ. ಸಾಕಕ್ಕನ ನೆಗಡಿ ತಗೊಂಡರೆ ಸಾಕಕ್ಕನ ಹಾಗೆಯೇ, ಬೀದಿಯ ನಾಯಿ ಎದ್ದು ಓಡುವಂತೆ ಸೀನು ಬರುತ್ತಿತ್ತು. ಗುಲ್ನಾರ್ ಹೊಟ್ಟೆನೋವಿನ ಜೊತೆ ಅವಳ ಅಳುವೂ ಬಂತು. ಅವಳು ಅಳುತ್ತಾಳೆ ಅಂತ ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ಅಕ್ಕತಂಗಿಯರಲ್ಲಿ ಚಿಕ್ಕವಳ ವಾಂತಿಯೊಳಗೆ ಅವಳು ಯಾರಿಗೂ ಹೇಳದ ಒಂದು ಹೆದರಿಕೆ ಇತ್ತು. ಪುಟ್ಟತಾಯಿಯ ನೋವು ಮಾತ್ರ ಒಂದೊಂದು ಸಲ ಒಂದೊಂದು ಕಡೆ. ಒಮ್ಮೆ ಭುಜ, ಒಮ್ಮೆ ಪಕ್ಕೆ. ಅವಳ ಮನೆಯ ವಾರ ಹೇಗೆ ಹೋಯಿತು ಅಂತ ನನ್ನ ಮೈಯೇ ನನಗೆ ಹೇಳುತ್ತಿತ್ತು.

ಅವ್ವ ಗಂಜಿ ಕಾಸಿ ಕೊಡುತ್ತ, "ನೀನು ಪುಣ್ಯವಂತೆ ಕಣೇ, ನಾನು ಇಷ್ಟು ವರ್ಷ ನಿನಗೆ ಬಿಟ್ಟಿ ಕೊಟ್ಟೆ, ಇವರು ಸಂಬಳ ಕೊಡಿಸ್ತಾರೆ" ಅಂತ ನಕ್ಕಳು. ನಾನೂ ನಕ್ಕೆ. ಸೀನು ಬಂತು, ಸಾಕಕ್ಕನದು.

ಸಂಬಳ ಬಂತು. ನಾಲ್ಕನೇ ದಿನದಿಂದ ನೀಲಿ ಅಕ್ಷರದಲ್ಲಿ ಬರೆದ ಹಾಗೆಯೇ ಬಂತು. ಆದರೆ ಅದಕ್ಕಾಗಿ ವಾರಕ್ಕೊಮ್ಮೆ ಗೇಟಿನಲ್ಲಿ ಕೂರುವ ಡಾಕ್ಟರ ಮುಂದೆ ನಿಲ್ಲಬೇಕಿತ್ತು. ಶೇಷಗಿರಿ ಡಾಕ್ಟರು ವಯಸ್ಸಾದವರು. ಆ ಗೇಟಿನಲ್ಲೇ ಕೂತು ಕೂತು ಇಡೀ ಕಾರ್ಖಾನೆಯ ಕೆಮ್ಮು ಕೇಳಿದವರು. ಮೂರನೇ ವಾರ ನಾನು ಅವರ ಮುಂದೆ ಕೆಮ್ಮಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು.

"ಇದು ಗುಲ್ನಾರ್‌ದು" ಅಂದರು.

ನಾನು ನೆಲ ನೋಡಿದೆ.

"ಹೋದ ವಾರ ಸಾಕಮ್ಮನ ಸೊಂಟ ಹಿಡ್ಕೊಂಡು ನಡೀತಿದ್ದೆ. ಅದಕ್ಕೂ ಮುಂಚೆ ಇನ್ಯಾರದ್ದೋ. ನಿನ್ನದು ಅಂತ ಏನಾದ್ರೂ ಇದೆಯಾಮ್ಮಾ ಇದರಲ್ಲಿ?"

 ಅವರು ನಿಟ್ಟುಸಿರು ಬಿಟ್ಟು ಸಹಿ ಹಾಕಿದರು. "ನಾನು ಕುರುಡ ಅಲ್ಲ. ಆದರೆ ನಾನು ಬರೆಯೋದು ಕಾಯಿಲೆ ಇದೆಯಾ ಇಲ್ವಾ ಅಂತ. ಯಾರದ್ದು ಅಂತ ಕೇಳಿದ ದಿನ ಅದನ್ನೂ ಬರೀಬೇಕಾಗುತ್ತೆ" ಅಂದರು.

ತಿಂಗಳು ಮುಗಿಯಿತು. ಅವತ್ತು ಸಂಜೆ ಬಾಗಿಲಲ್ಲಿ ಕೂತು ಗುಲ್ನಾರ್‌ಗಾಗಿ ಕಾದೆ. ಇದ್ದ ಜ್ವರವನ್ನು ಅವಳಿಗೆ ಕೊಟ್ಟು ಬೆಳಿಗ್ಗೆ ಮೇಜಿಗೆ ಹೋಗಿ ಕೂರಬೇಕು ಅಂತ ನನ್ನ ಆಸೆ. ಆ ಕಟಕಟ ಸದ್ದು, ಬೆರಳಿನ ತುದಿಗೆ ತಾಗುವ ಗುಂಡಿಯ ತಂಪು, ಅದೆಲ್ಲ ಎಷ್ಟು ಬೇಕು ಅಂತ ಮಲಗಿದ ಮೇಲೆ ತಿಳಿದಿತ್ತು. ಗುಲ್ನಾರ್ ಬರಲಿಲ್ಲ. ಸಾಕಕ್ಕ ಬಂದಳು, ಬರಿಗೈಯಲ್ಲಿ.

"ಅವಳ ನಾದಿನಿ ಮದುವೆ ಕಣೇ. ಮನೆ ತುಂಬ ನೆಂಟರು. ಈಗ ಮಲಗಿದ್ರೆ ಅವಳ ಅತ್ತೆ ಸುಮ್ಮನಿರ್ತಾಳಾ? ಇನ್ನೊಂದು ತಿಂಗಳು ನೀನೇ ನೋಡ್ಕೋ."

ಬಾಯಿ ತೆರೆದೆ. ಮಾತು ಹೊರಡಲಿಲ್ಲ. ಸಾಕಕ್ಕ ಅದನ್ನು ಒಪ್ಪಿಗೆ ಅಂದುಕೊಂಡು ಅಂಗೈ ಚಾಚಿದಳು. ಚಾಚಿದ ಕೈ ನೋಡಿದರೆ ನನ್ನ ಕೈ ತಾನಾಗಿ ಏಳುತ್ತದೆ. ಅದು ಅಭ್ಯಾಸ.

ಎರಡನೇ ತಿಂಗಳಲ್ಲಿ ನಿಂಬೆಹಣ್ಣು ನಿಂತಿತು. ಚಾಪೆಯ ಅಂಚಿನಲ್ಲಿ ಕೂರುವುದೂ ನಿಂತಿತು. ಬಾಗಿಲಲ್ಲೇ ನಿಂತು ಕೊಟ್ಟು ಹೋಗುತ್ತಿದ್ದರು. ಮೊದಲು ತಡೆಯಲಾರದ್ದನ್ನು ತರುತ್ತಿದ್ದವರು ಈಗ ಬಿಸಿಲಿಗೆ ಬಂದ ತಲೆಸುತ್ತು, ಜಾಸ್ತಿ ತಿಂದ ಹೊಟ್ಟೆಯುಬ್ಬರ, ಗಂಡನದು, ಅತ್ತೆಯದು, ಎಲ್ಲ ತರತೊಡಗಿದರು. ಅಕ್ಕತಂಗಿಯರಲ್ಲಿ ದೊಡ್ಡವಳು ಒಂದು ದಿನ ಕೊಟ್ಟಾದ ಮೇಲೆ ನಮ್ಮ ಮನೆಯ ಹೊಸ ಸ್ಟೀಲ್ ಕೊಡವನ್ನು ನೋಡಿ, "ಕೂತಲ್ಲೇ ಸಂಬಳ ತಿನ್ನೋರಿಗೆ ಬಿಡಮ್ಮ" ಅಂದಳು. ಕೊಡ ಅವ್ವ ಛತ್ರದಲ್ಲಿ ದುಡಿದು ತಂದದ್ದು. ಹೇಳಲು ಹೊರಟೆ. ಅಷ್ಟರಲ್ಲಿ ಅವಳ ತಲೆಸುತ್ತು ನನ್ನ ತಲೆಗೇರಿ ಗೋಡೆ ಹಿಡಿದುಕೊಂಡೆ.

ಆ ತಿಂಗಳು ಮುಗಿಯುವ ಮೊದಲೇ ನೀಲಿ ಅಕ್ಷರದ ಕೆಳಗೆ ಕೆಂಪು ಬಣ್ಣದಲ್ಲಿ ಎರಡು ಸಾಲು ಸೇರಿಸಿದರು. ಯಾರ ಮೈಯಲ್ಲಿ ಹುಟ್ಟಿದ ಕಾಯಿಲೆ ಅನ್ನುವುದನ್ನು ಡಾಕ್ಟರು ಬರೆಯಬೇಕು. ಒಂದೊಂದು ಕಾಯಿಲೆಗೂ ಅದರದೇ ಮೂರು ಖಾಲಿ ದಿನ. ಬಣ್ಣ ಒಣಗುವ ಮೊದಲೇ ನನ್ನ ಸಂಬಳ ನಿಂತಿತು. ಮೇಸ್ತ್ರಿ ಪರಶಿವಯ್ಯ ಮನೆಗೆ ಹೇಳಿ ಕಳಿಸಿದ, ನಾಳೆಯಿಂದ ಬಂದು ಕೂರದಿದ್ದರೆ ಜಾಗ ಇರುವುದಿಲ್ಲ ಅಂತ.

ಮರುದಿನ ಹೋದೆ. ಸಾಕಕ್ಕನ ಸೊಂಟ, ಗುಲ್ನಾರ್ ಕೆಮ್ಮು ಎರಡೂ ನನ್ನ ಮೇಲಿದ್ದವು. ಪರಶಿವಯ್ಯ ಬಾಗಿಲಲ್ಲಿ ನಿಂತು, "ಬಾರಮ್ಮಾ ಮಹಾರಾಣಿ, ಅರಮನೆ ವಾಸ ಮುಗೀತಾ?" ಅಂದ. ಮೇಜಿನಲ್ಲಿ ಎಲ್ಲರೂ ನಕ್ಕರು. ನನ್ನ ಮೂಲೆಯ ಸ್ಟೂಲಿನ ಮೇಲೆ ಯಾರೋ ಚೀಲ ಇಟ್ಟಿದ್ದರು. ತೆಗೆಯಿರಿ ಅನ್ನಲು ಬರದೆ, ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಇಬ್ಬರ ಕಾಯಿಲೆ ಇನ್ನೆರಡು ದಿನದಲ್ಲಿ ಬಿಡುತ್ತದೆ, ಆಮೇಲೆ ನಾನು ಎಲ್ಲರ ಹಾಗೆ ಅಂದುಕೊಂಡೆ. ಹಾಗೆಯೇ ಬಿಟ್ಟವು. ಮೈ ಹಗುರವಾಯಿತು. ಅದರ ಮರುದಿನ ಬೆಳಿಗ್ಗೆ ಏಳಲು ಹೋದರೆ ಏಳಲಾಗಲಿಲ್ಲ.

ಆ ಜ್ವರ ಯಾರದ್ದು ಅಂತ ಬಹಳ ಹೊತ್ತು ಯೋಚಿಸಿದೆ. ಅದರಲ್ಲಿ ಸಾಕಕ್ಕನ ಸೀನಿಲ್ಲ, ಗುಲ್ನಾರ್ ಅಳುವಿಲ್ಲ, ಯಾರ ಹೆದರಿಕೆಯೂ ಇಲ್ಲ. ಸದ್ದಿಲ್ಲದೆ ಬಂದು ಮೂಳೆಮೂಳೆಯಲ್ಲಿ ಕೂತಿತ್ತು. ಅವ್ವ ಹಣೆ ಮುಟ್ಟಿ, "ಯಾರು ಕೊಟ್ರೇ ಇದನ್ನ?" ಅಂದಳು.

"ಯಾರೂ ಇಲ್ಲ. ನಂದೇ" ಅಂದೆ.

ಅವ್ವ ಒದ್ದೆ ಬಟ್ಟೆ ಹಾಕಿದಳು. ಮೆಣಸಿನ ಕಷಾಯ ಕಾಸಿದಳು. ಕಾಲು ಒತ್ತಿದಳು. ನಾನು ಚಾದರದ ಕೆಳಗಿಂದ ಕೈ ತೆಗೆದು ಅಂಗೈ ಚಾಚಿದೆ. ಹುಟ್ಟಿದಾಗಿನಿಂದ ಅವಳ ಮುಂದೆ ಚಾಚಿದ್ದು ಅದೇ ಮೊದಲು. ಅವ್ವ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು, ಎದೆಗೆ ಒತ್ತಿಕೊಂಡಳು. "ನಾಳೆ ಛತ್ರದಲ್ಲಿ ದೊಡ್ಡ ಮದುವೆ ಕಣೇ ಮಗಳೇ" ಅಂದಳು. ಆಮೇಲೆ ಕೈಯನ್ನು ಮೆಲ್ಲಗೆ ಚಾದರದೊಳಗೆ ಸೇರಿಸಿದಳು.

ಅವತ್ತು ಡಾಕ್ಟರು ಗೇಟಿನಲ್ಲಿ ಕೂರುವ ದಿನ, ಹೇಗೋ ಎದ್ದು ಅವರ ಹತ್ತಿರ ಹೋದೆ. ಅವರು ನಾಡಿ ಹಿಡಿದರು, ನಾಲಿಗೆ ನೋಡಿದರು, ಕಣ್ಣು ಮುಚ್ಚಿ ನನ್ನ ಉಸಿರು ಕೇಳಿದರು. ಬಹಳ ಹೊತ್ತು ಕೇಳಿದರು.

"ಇದನ್ನ ನಾನು ಮುಂಚೆ ಕೇಳಿಲ್ಲ. ಯಾರದಮ್ಮಾ ಇದು?"

"ನಂದು."

"ನಿಂದಾ?" ಅಂತ ಕನ್ನಡಕ ತೆಗೆದು ನೋಡಿದರು. "ನಿಂದು ಅಂತ ಹೇಗಮ್ಮಾ ಬರೀಲಿ? ನಿನ್ನ ಕೆಮ್ಮು ಹೇಗಿರುತ್ತೆ, ನಿನ್ನ ಜ್ವರ ಹೇಗಿರುತ್ತೆ ಅಂತ ನನಗೇನು ಗೊತ್ತು? ನೀನು ಯಾವತ್ತೂ ನಿನ್ನದು ಹಿಡ್ಕೊಂಡು ಬಂದೇ ಇಲ್ಲ." ಕನ್ನಡಕ ಮತ್ತೆ ಹಾಕಿಕೊಂಡು, "ಬರೆದರೂ ಅಷ್ಟೇ. ಮೂರು ದಿನ ಖಾಲಿ. ನಾಲ್ಕನೇ ದಿನಕ್ಕೂ ಇದ್ರೆ ಬಾ, ನೋಡೋಣ. ಆದರೆ ನಿನ್ನ ಹೆಸರು ಹೇಳಿದ್ರೆ ಆಫೀಸಿನಲ್ಲಿ ಈಗ ಯಾರೂ ನಂಬೋದಿಲ್ಲ, ಅದು ತಿಳ್ಕೊಂಡಿರು" ಅಂದರು.

ಮನೆಗೆ ಹೋಗಿ ಮಲಗಿದರೆ ಮೂರು ದಿನದ ಕೂಲಿ ಹೋಗುತ್ತದೆ. ಜಾಗವೂ ಹೋಗಬಹುದು. ಗೇಟಿನಿಂದ ನೇರ ಒಳಗೆ ಹೋಗಿ ಮೇಜಿಗೆ ಕೂತೆ. ಗುಂಡಿಗಳು ಒಂದು ಎರಡಾಗಿ ಕಾಣುತ್ತಿದ್ದವು. ಊಟದ ಹೊತ್ತಿಗೆ ಎಲ್ಲ ಧೈರ್ಯ ಒಟ್ಟು ಮಾಡಿ ಮೇಜಿನ ಮೇಲೆ ಅಂಗೈ ಚಾಚಿದೆ. "ಕೊಟ್ಟೆ" ಅಂದೆ. ಆ ಮಾತನ್ನು ಮೊದಲ ಸಲ ಅಂದದ್ದು. ದನಿ ನನ್ನದಲ್ಲ ಅನಿಸಿತು.

 ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗುಲ್ನಾರ್ ಏನೋ ತಮಾಷೆ ಮಾಡಲು ಹೋಗಿ ಮಾಡಲಿಲ್ಲ, ನನ್ನ ಅಂಗೈಯ ಮೇಲೆ ಒಂದು ಖರ್ಜೂರ ಇಟ್ಟಳು. ಸಾಕಕ್ಕ, "ನಮಗೆಲ್ಲ ಮನೆ ಮಠ ಇದೆ ಚೆಲುವಿ. ಒಂಟಿ ಜೀವ ನೀನು, ಒಂದು ದಿನ ಹೇಗೋ ತಡ್ಕೋ" ಅಂದಳು.

"ಸರದಿ ಅಂದಿದ್ರಿ" ಅಂದೆ.

"ಆಗ ಸಂಬಳ ಇತ್ತು ಕಣೇ" ಅಂದಳು ಸಾಕಕ್ಕ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅಕ್ಕಿ ಬೆಲೆ ಏರಿದ್ದನ್ನು ಹೇಳುವ ಹಾಗೆ ಹೇಳಿದಳು.

ಖರ್ಜೂರವನ್ನು ಮೇಜಿನ ಮೇಲಿಟ್ಟು ಮತ್ತೆ ಆರಿಸತೊಡಗಿದೆ. ಮಧ್ಯಾಹ್ನ ಕಳೆಯಿತು. ಬೆಲ್ ಹೊಡೆಯಲು ಇನ್ನು ಸ್ವಲ್ಪ ಹೊತ್ತಿರುವಾಗ ಎದುರಿಗೆ ಕೂತ ಪುಟ್ಟತಾಯಿ ನನ್ನ ಕಡೆ ಬಾಗಿದಳು. ಸೆರಗು ಕಣ್ಣಿನವರೆಗೆ ಬಂದಿತ್ತು. ಬೆಳಿಗ್ಗೆಯಿಂದ ಅವಳು ಎಡಗೈ ಎತ್ತಿರಲಿಲ್ಲ, ಬಲಗೈಯಲ್ಲೇ ಹೆಕ್ಕುತ್ತಿದ್ದಳು. ನಾನು ನೋಡಿದ್ದೆ. ಅವಳ ಮುಂದಿನ ರಾಶಿ ಅರ್ಧವೂ ಕರಗಿರಲಿಲ್ಲ. ಪರಶಿವಯ್ಯ ಎರಡು ಸಲ ಬಂದು ನಿಂತು ಹೋಗಿದ್ದ.

"ಹೇಗೂ ನಿನಗೆ ಜ್ವರ ಇದೆಯಲ್ಲ" ಅಂದಳು, ಬೇರೆ ಯಾರಿಗೂ ಕೇಳಿಸದ ಹಾಗೆ. "ಇದನ್ನೂ ಸೇರಿಸ್ಕೊಂಡ್ಬಿಡೇ ನನ್ನವ್ವಾ. ನಾಳೆ ಹೀಗೇ ಕೂತ್ರೆ ನನ್ನ ತೆಗೆದುಹಾಕ್ತಾರೆ. ಕೊಟ್ಟೆ."

ಅವಳ ಅಂಗೈ ಗುಂಡಿಗಳ ಮೇಲೆ ಬಂದು ನಿಂತಿತು. ಆ ನೋವು ಎಲ್ಲಿರುತ್ತದೆ, ಹೇಗೆ ಏರುತ್ತದೆ, ರಾತ್ರಿ ಯಾವ ಮಗ್ಗುಲಿಗೆ ಮಲಗಬೇಕು, ಎಲ್ಲ ನನಗೆ ಗೊತ್ತಿತ್ತು. ಆ ಮೇಜಿನಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ನನ್ನ ಕೈ ತಾನಾಗಿ ಎದ್ದಿತು. ಅವಳ ಅಂಗೈ ಮೇಲೆ ಕೂತಿತು. ಅವಳು ಕಣ್ಣು ಮುಚ್ಚಿಕೊಂಡಳು, ಆ ಒಂದು ಮಾತಿಗಾಗಿ.

ನಾನು ಬಾಯಿ ತೆರೆಯಲಿಲ್ಲ.

ಕೈ ಕೈಯ ಮೇಲೆ ಹಾಗೆಯೇ ಇತ್ತು. ನನ್ನ ಕೈ ಸುಡುತ್ತಿತ್ತು, ಅವಳದು ತಣ್ಣಗಿತ್ತು. ಅವಳು ಕಣ್ಣು ಬಿಟ್ಟು ನನ್ನ ತುಟಿ ನೋಡಿದಳು. "ಅನ್ನೇ" ಅಂದಳು. ಬೆಲ್ ಹೊಡೆಯಿತು. ಎಲ್ಲರೂ ಎದ್ದರು. ಕೊನೆಗೆ ಅವಳೇ ಕೈ ಎಳೆದುಕೊಂಡಳು. ಬೈಯಲಿಲ್ಲ. ಸೆರಗು ಇನ್ನೊಂದಿಷ್ಟು ಮುಂದಕ್ಕೆ ಎಳೆದು, ಒಂದೇ ಕೈಯಲ್ಲಿ ಚೀಲ ಎತ್ತಿಕೊಂಡು ಹೋದಳು.

ಮರುದಿನ ನಾನು ಜ್ವರ ಹೊತ್ತುಕೊಂಡೇ ಬಂದೆ. ಪುಟ್ಟತಾಯಿ ನನಗಿಂತ ಮೊದಲೇ ಬಂದಿದ್ದಳು. ಎರಡೂ ಕೈಯಲ್ಲಿ, ಯಾವತ್ತಿಗಿಂತ ಬೇಗ ಬೇಗ ಗುಂಡಿ ಹೆಕ್ಕುತ್ತಿದ್ದಳು. ಪರಶಿವಯ್ಯ ಶಹಬ್ಬಾಸ್ ಅಂದು ಹೋದ. ಅವಳ ಮನೆಯಲ್ಲಿ ಇರುವುದು ಇಬ್ಬರು, ಗಂಡ ಮತ್ತು ಎರಡನೇ ಕ್ಲಾಸಿಗೆ ಹೋಗುವ ಮಗಳು. ಗಂಡ ತಗೊಳ್ಳುವವನಲ್ಲ. ಇದು ಮೇಜಿನಲ್ಲಿ ಎಲ್ಲರಿಗೂ ಗೊತ್ತು. ಎಲ್ಲರೂ ತಲೆ ತಗ್ಗಿಸಿ ಆರಿಸುತ್ತಿದ್ದರು. ನಾನೂ ಆರಿಸಿದೆ.